ದಪ್ಪ ಎಳೆಯ ಉಣ್ಣೆ ಕಾರ್ಪೆಟ್: ಉದುರುವುದು, ನಾರುವುದು, ಕಲೆ ಮರುಕಳಿಸುವುದು – ದೋಷ ಪತ್ತೆ ಮತ್ತು ಪರಿಹಾರ

ಒಂದು ಅಂಗುಲಕ್ಕೂ ಉದ್ದದ ಎಳೆ ಇರುವ ಉಣ್ಣೆ ಕಾರ್ಪೆಟ್ ಕೆಡುವುದು ಕೊಳೆಯಿಂದಲ್ಲ. ಕೊಳೆ ತೆಗೆಯಲೆಂದು ಸುರಿದ ನೀರು, ಸೋಪಿನಿಂದಲೇ ಹೆಚ್ಚು ಕೆಡುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನ್ನಿಸುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ತೇವ ದಿನಗಟ್ಟಲೆ ಉಳಿದಿರುತ್ತದೆ. ಆದ್ದರಿಂದ ಕೆಳಗಿನ ಪ್ರತಿಯೊಂದು ತೊಂದರೆಗೂ ಮೊದಲು ಒಣ ಪರೀಕ್ಷೆ, ನೀರು ಕೊನೆಗೆ.

ಯಾವ ತೊಂದರೆಯಾದರೂ ಮೊದಲು ಮೂಲೆ ಮಗುಚಿ ನೋಡಿ

ಬೆನ್ನಿನಲ್ಲಿ ಮುಂಭಾಗದ ವಿನ್ಯಾಸವೇ ಬಣ್ಣಬಣ್ಣವಾಗಿ ಕಾಣುತ್ತಿದ್ದು, ಸಾಲುಸಾಲು ಗಂಟು ಕೈಗೆ ಸಿಗುತ್ತಿದ್ದರೆ ಅದು ಕೈಯಲ್ಲಿ ಗಂಟು ಹಾಕಿ ನೇಯ್ದದ್ದು. ಕಾಶ್ಮೀರ ಮತ್ತು ಭದೋಹಿಯ ಒಳ್ಳೆಯ ಕಾರ್ಪೆಟ್‌ಗಳು, ನಮ್ಮ ಬೈಲುಕುಪ್ಪೆಯ ಟಿಬೆಟನ್ ನೆಲೆಯಲ್ಲಿ ನೇಯ್ದವು ಈ ಜಾತಿ. ಬಣ್ಣ ಗಟ್ಟಿಯಾಗಿದ್ದರೆ ಇವು ನೀರನ್ನು ತಾಳಿಕೊಳ್ಳುತ್ತವೆ.

ಬೆನ್ನಿಗೆ ದಪ್ಪ ಹತ್ತಿ ಬಟ್ಟೆ ಅಂಟಿಸಿದ್ದು, ವಿನ್ಯಾಸ ಕಾಣದಿದ್ದರೆ ಅದು ಟಫ್ಟೆಡ್. ಬಟ್ಟೆಗೆ ಗನ್ನಿನಿಂದ ನೂಲು ಚುಚ್ಚಿ, ಹಿಂದೆ ರಬ್ಬರಿನ ಹಾಲು, ಅಂದರೆ ಲ್ಯಾಟೆಕ್ಸ್ ಬಳಿದಿರುತ್ತಾರೆ. ಅಂಗಡಿಗಳಲ್ಲಿ ‘ಶ್ಯಾಗಿ’ ಎಂದು ಮಾರುವ ಉದ್ದ ಎಳೆಯ ಕಾರ್ಪೆಟ್‌ಗಳಲ್ಲಿ ಹೆಚ್ಚಿನವು ಇವೇ. ಇವನ್ನು ಎಂದೂ ನೀರಲ್ಲಿ ಮುಳುಗಿಸಬಾರದು.

ಇನ್ನು ಎಳೆ ನಿಜಕ್ಕೂ ಉಣ್ಣೆಯೇ? ಬುಡದಿಂದ ಎರಡು ಮೂರು ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಬಯಲಿನಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು ಬೆಂಕಿಕಡ್ಡಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಕಾಗದ ಸುಟ್ಟ ವಾಸನೆ ಬಂದರೆ ವಿಸ್ಕೋಸ್ ಇರಬಹುದು. ‘ಬ್ಯಾಂಬೂ ಸಿಲ್ಕ್’, ‘ಆರ್ಟ್ ಸಿಲ್ಕ್’ ಎಂಬ ಹೆಸರಿನಲ್ಲಿ ಉಣ್ಣೆಯ ನಡುವೆ ಹೊಳೆಯುವ ಎಳೆ ಸೇರಿಸಿದ್ದರೆ ಅದೂ ಸಾಮಾನ್ಯವಾಗಿ ಇದೇ. ಒದ್ದೆಯಾದರೆ ಹಳದಿಯಾಗಿ ಸೆಟೆದುಕೊಳ್ಳುತ್ತದೆ. ಇಂಥ ಕಾರ್ಪೆಟ್‌ಗೆ ಮನೆಯಲ್ಲಿ ನೀರು ಮುಟ್ಟಿಸಬೇಡಿ.

ಕೊನೆಯದು ಬಣ್ಣದ ಪರೀಕ್ಷೆ. ಬಳಸಲಿರುವ ದ್ರಾವಣದಲ್ಲೇ ಬಿಳಿ ಹತ್ತಿ ಬಟ್ಟೆ ಅದ್ದಿ ಹಿಂಡಿ, ಒಂದೊಂದು ಬಣ್ಣದ ಮೇಲೂ 5 ನಿಮಿಷ ಒತ್ತಿಡಿ. ಕಡುಕೆಂಪು, ಕಡುನೀಲಿ, ಕಪ್ಪು ಬಣ್ಣಗಳ ಮೇಲೆ ತಪ್ಪದೆ ಮಾಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ.

ಉಂಡೆಗಟ್ಟಲೆ ನವಿರು ಉದುರುತ್ತಿದೆ

ಹೊಸ ಕಾರ್ಪೆಟ್ ಮೊದಲ ಕೆಲವು ತಿಂಗಳು ಉದುರಿಯೇ ಉದುರುತ್ತದೆ. ನೂಲುವಾಗ ಸಿಕ್ಕಿಹಾಕಿಕೊಳ್ಳದೆ ಉಳಿದ ಗಿಡ್ಡ ರೋಮಗಳು ಹೊರಬರುತ್ತವೆ, ಅಷ್ಟೆ. ಕೈಗೆ ಬಂದದ್ದು ಹತ್ತಿಯಂಥ ನವಿರಾದರೆ ಚಿಂತೆ ಬೇಡ. ವಾರಕ್ಕೆ ಎರಡು ಸಲ ವ್ಯಾಕ್ಯೂಮ್ ಮಾಡುತ್ತಿದ್ದರೆ ಕಡಿಮೆಯಾಗುತ್ತ ಬರುತ್ತದೆ.

ಹಳೆಯ ಕಾರ್ಪೆಟ್ ಇದ್ದಕ್ಕಿದ್ದಂತೆ ಉದುರತೊಡಗಿದರೆ ಮೊದಲು ವ್ಯಾಕ್ಯೂಮ್ ಕ್ಲೀನರ್ ಮೇಲೆ ಅನುಮಾನಪಡಿ. ತಿರುಗುವ ಬ್ರಷ್ ಉದ್ದ ಎಳೆಯನ್ನು ಸುತ್ತಿಕೊಂಡು ಕೀಳುತ್ತದೆ. ಬ್ರಷ್ ನಿಲ್ಲಿಸುವ ಗುಂಡಿ ಇದ್ದರೆ ನಿಲ್ಲಿಸಿ, ಇಲ್ಲದಿದ್ದರೆ ಬ್ರಷ್ ಇಲ್ಲದ ಸಾದಾ ಮೂತಿ ಹಾಕಿ. ಕಡ್ಡಿಪೊರಕೆಯೂ ಇದೇ ಕೆಲಸ ಮಾಡುತ್ತದೆ, ಅದನ್ನು ಅಂಗಳಕ್ಕೇ ಬಿಡಿ.

ನವಿರಲ್ಲದೆ ಇಡೀ ನೂಲಿನ ತುಂಡೇ ಬುಡಸಮೇತ ಬರುತ್ತಿದ್ದರೆ ಟಫ್ಟೆಡ್ ಕಾರ್ಪೆಟ್‌ನ ಅಂಟು ಬಿಟ್ಟಿದೆ ಎಂದು ಅರ್ಥ. ಎದ್ದು ನಿಂತ ಒಂದೆರಡು ನೂಲನ್ನು ಎಂದೂ ಎಳೆಯಬೇಡಿ, ಉಳಿದವುಗಳ ಮಟ್ಟಕ್ಕೆ ಕತ್ತರಿಸಿ. ತುಂಡುಗಳು ಬುಡದಲ್ಲೇ ಕಡಿದಂತೆ ಬಂದರೆ ಮುಂದೆ ‘ಬೋಳು ತೇಪೆಗಳು’ ಭಾಗದಲ್ಲಿ ಉಣ್ಣೆ ತಿನ್ನುವ ನುಸಿಯ ಬಗ್ಗೆ ಓದಿ.

ವ್ಯಾಕ್ಯೂಮ್ ಮಾಡಿದರೂ ಮಂಕು, ಬರಿಗಾಲಿಗೆ ಗರಗರ

ಎಳೆ ಬಿಡಿಸಿ ಬುಡ ನೋಡಿದರೆ ಬೂದುಬಣ್ಣದ ಧೂಳು, ಮರಳು ಕಾಣುತ್ತದೆ. ಮರಳಿನ ಚೂಪು ಅಂಚು ಪ್ರತಿ ಹೆಜ್ಜೆಗೂ ಎಳೆಯ ಬುಡವನ್ನು ಕೊಯ್ಯುತ್ತದೆ. ನಡೆದಾಡುವ ಜಾಗ ಮೊದಲು ತೆಳುವಾಗುವುದು ಇದರಿಂದ. ಮೇಲಿನಿಂದ ಎಷ್ಟು ಎಳೆದರೂ ಇದು ಬರುವುದಿಲ್ಲ, ಕೆಳಗಿನಿಂದ ಬೀಳಿಸಬೇಕು.

ನೆಲಕ್ಕೆ ಹಳೆ ಬೆಡ್‌ಶೀಟ್ ಹಾಸಿ, ಕಾರ್ಪೆಟ್ಟನ್ನು ಅದರ ಮೇಲೆ ಬೋರಲು ಹಾಕಿ. ಗಂಟು ನೇಯ್ಗೆಯದಾದರೆ ಬೆನ್ನಿನ ಮೇಲೆ ಅಂಗೈಯಿಂದ ತಟ್ಟುತ್ತ ಬನ್ನಿ, ನಂತರ ಬೆನ್ನಿಗೇ ವ್ಯಾಕ್ಯೂಮ್ ಹಿಡಿಯಿರಿ. ಟಫ್ಟೆಡ್ ಆದರೆ ತಟ್ಟುವುದು ಬೇಡ, ಲ್ಯಾಟೆಕ್ಸ್ ಬಿರುಕು ಬಿಡುತ್ತದೆ. ಹಗುರವಾಗಿ ವ್ಯಾಕ್ಯೂಮ್ ಮಾತ್ರ. ಕಾರ್ಪೆಟ್ ಎತ್ತಿದಾಗ ಬೆಡ್‌ಶೀಟ್ ಮೇಲೆ ಬಿದ್ದ ಮರಳು ನೋಡಿ, ಬೀಳುವುದು ನಿಲ್ಲುವವರೆಗೆ ಮತ್ತೆ ಮಾಡಿ. ಆಮೇಲೆ ನೇರ ಹಾಸಿ, ಎಳೆ ಮಲಗುವ ದಿಕ್ಕಿನಲ್ಲಿ ನಿಧಾನವಾಗಿ ವ್ಯಾಕ್ಯೂಮ್ ಮಾಡಿ. ಮೂತಿ ಕಾರ್ಪೆಟ್‌ಗೆ ಕಚ್ಚಿಕೊಂಡು ಅಲುಗಾಡದಿದ್ದರೆ ಹಿಡಿಕೆಯ ಮೇಲಿನ ಗಾಳಿಕಿಂಡಿ ಅರ್ಧ ತೆರೆಯಿರಿ. ಗಾಳಿ ಹರಿದರೆ ಮಾತ್ರ ಧೂಳು ಏಳುತ್ತದೆ.

ನೆಲ ಒರೆಸುವ ರೋಬೋಟನ್ನು ಈ ಕಾರ್ಪೆಟ್ ಹತ್ತಿರ ಬಿಡದಿರುವುದೇ ಕ್ಷೇಮ.

ಒಂದು ಕಡೆ ಕಪ್ಪಗೆ ಕಾಣುತ್ತದೆ, ಉಜ್ಜಿದರೂ ಹೋಗುತ್ತಿಲ್ಲ

ಎದುರು ಬದಿಗೆ ಹೋಗಿ ನಿಂತು ನೋಡಿ. ಕಪ್ಪಗಿದ್ದ ಜಾಗ ಬೆಳ್ಳಗೆ ಕಂಡರೆ ಅದು ಕೊಳೆಯಲ್ಲ. ಎಳೆ ಬೇರೆ ದಿಕ್ಕಿಗೆ ಮಲಗಿ ಬೆಳಕು ಬೇರೆಯಾಗಿ ಬೀಳುತ್ತಿದೆ. ಕೈಯಿಂದ ನೇವರಿಸಿದರೆ ಒಮ್ಮೊಮ್ಮೆ ಸರಿಹೋಗುತ್ತದೆ, ಇಲ್ಲದಿದ್ದರೆ ಅದು ಶಾಶ್ವತ. ಇಲ್ಲದ ಕಲೆಗೆ ಸೋಪು ಹಾಕಿ ಉಜ್ಜಿ ನಿಜವಾದ ಕಲೆ ಮಾಡಿಕೊಳ್ಳುವುದು ತೀರ ಸಾಮಾನ್ಯ.

ತೊಳೆದ ಮೇಲೆ ಅಂಟಂಟು, ಹತ್ತೇ ದಿನಕ್ಕೆ ಮತ್ತೆ ಕೊಳೆ

ಸೋಪು ಒಳಗೇ ಉಳಿದಿದೆ. ಒಂದು ಬಿಳಿ ಬಟ್ಟೆಯನ್ನು ಬರೀ ನೀರಲ್ಲಿ ಅದ್ದಿ ಹಿಂಡಿ, ಎಳೆಗಳ ಮೇಲೆ ಒರೆಸಿ. ಜಾರುವ ಅನುಭವ ಅಥವಾ ನೊರೆ ಬಂದರೆ ಖಾತ್ರಿ. ಮತ್ತೆ ಸೋಪು ಹಾಕಬೇಡಿ. 1 ಲೀಟರ್ ತಣ್ಣೀರಿಗೆ 2 ದೊಡ್ಡ ಚಮಚ, ಅಂದರೆ 30 ಮಿಲಿ, ಬಿಳಿ ವಿನೆಗರ್ ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಬಳಿಕ ಒಣ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಎರಡು ಮೂರು ಸುತ್ತು ಬೇಕಾಗಬಹುದು, ಪ್ರತಿ ಸುತ್ತಿನ ನಡುವೆ ಪೂರ್ತಿ ಒಣಗಬೇಕು.

ಬಟ್ಟೆ ಒಗೆಯುವ ಮಾಮೂಲಿ ಪುಡಿ ಏಕೆ ಬೇಡ? ಅದು ಕ್ಷಾರ, ಉಣ್ಣೆಯನ್ನು ಒರಟು ಮಾಡಿ ಬಣ್ಣ ಸಡಿಲಿಸುತ್ತದೆ. ಸಾಲದ್ದಕ್ಕೆ ಹಲವು ಪುಡಿಗಳಲ್ಲಿ ಪ್ರೋಟೀನ್ ಕರಗಿಸುವ ಎಂಜೈಮ್ ಇರುತ್ತದೆ, ಉಣ್ಣೆಯೂ ಪ್ರೋಟೀನೇ. ಬ್ಲೀಚ್ ಅಂತೂ ಉಣ್ಣೆಯನ್ನು ನೇರವಾಗಿ ಕರಗಿಸುತ್ತದೆ. ಮುಂದಿನ ಸಲ ತೊಳೆಯುವಾಗ ಸ್ವೆಟರ್ ಒಗೆಯಲೆಂದು ಮಾರುವ ಈಜಿಯಂಥ ದ್ರವ 1 ಲೀಟರ್ ನೀರಿಗೆ 1 ಟೀ ಚಮಚ ಸಾಕು. ನೀರು 30 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಕೈಗೆ ಬೆಚ್ಚಗೆ ಎನ್ನಿಸಿದರೆ ಆಗಲೇ ಹೆಚ್ಚಾಯಿತು. ದ್ರಾವಣವನ್ನು ಕಡೆದು, ಮೇಲಿನ ನೊರೆಯನ್ನಷ್ಟೇ ಸ್ಪಂಜಿನಲ್ಲಿ ಎತ್ತಿ ಎಳೆಯ ತುದಿಗೆ ಸವರಿ.

ಹೋದ ಕಲೆ ಒಣಗಿದ ಮೇಲೆ ಮತ್ತೆ ಬಂತು

ಇದಕ್ಕೆ ಎರಡು ಕಾರಣ, ಎರಡನ್ನೂ ಬಣ್ಣದಿಂದ ಗುರುತಿಸಬಹುದು.

ಮೊದಲಿನ ಕಲೆಯ ಬಣ್ಣದಲ್ಲೇ, ಅದೇ ಜಾಗದಲ್ಲಿ ಬಂದರೆ ಚೆಲ್ಲಿದ ಕಾಫಿಯೋ ಸಾರೋ ಬುಡಕ್ಕೆ ಇಳಿದಿತ್ತು, ಒಣಗುವಾಗ ನೀರಿನ ಜೊತೆ ಎಳೆಯ ತುದಿಗೆ ಏರಿದೆ. ಜಾಗವನ್ನು ಸ್ವಲ್ಪ ಒದ್ದೆ ಮಾಡಿ, ಅದರ ಮೇಲೆ ಎಂಟು ಹತ್ತು ಪದರ ಬಿಳಿ ಹತ್ತಿ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ಭಾರದ ಪುಸ್ತಕಗಳನ್ನಿಟ್ಟು ರಾತ್ರಿಯಿಡೀ ಬಿಡಿ. ಏರುವ ಕೊಳೆ ಬಟ್ಟೆಗೆ ಹತ್ತುತ್ತದೆ. ಬೆಳಿಗ್ಗೆ ತೆಗೆದು ಫ್ಯಾನ್ ಹಾಕಿ. ದಿನಪತ್ರಿಕೆ ಬಳಸಿದರೆ ಶಾಯಿ ಹತ್ತೀತು.

ಮೊದಲು ಇಲ್ಲದ ಚಹಾ ಬಣ್ಣದ ಮಬ್ಬು ಅಗಲವಾಗಿ ಹರಡಿದ್ದರೆ ಅದು ಕಾರ್ಪೆಟ್‌ನ ಒಳಗಿಂದಲೇ ಬಂದದ್ದು. ಅಡಿಪಾಯದಲ್ಲಿರುವ ಸೆಣಬು, ಹತ್ತಿ ಹೆಚ್ಚು ಹೊತ್ತು ನೆಂದಾಗ ಅದರ ಕಂದು ಅಂಶ ನೀರಿನೊಡನೆ ಮೇಲೇರುತ್ತದೆ. ಇದಕ್ಕೆ ಸೋಪು ಹಾಕಿದರೆ ಇನ್ನೂ ಕಪ್ಪಾಗುತ್ತದೆ. 1 ಪಾಲು ಬಿಳಿ ವಿನೆಗರ್‌ಗೆ 4 ಪಾಲು ನೀರು ಬೆರೆಸಿ, ಬಟ್ಟೆಯಲ್ಲಿ ತುದಿಯನ್ನಷ್ಟೇ ಒರೆಸಿ ಬೇಗ ಒಣಗಿಸಿ. ಎರಡು ಸಲ ಮಾಡಿಯೂ ಹೋಗದಿದ್ದರೆ ವೃತ್ತಿಪರರಿಗೆ ಬಿಡಿ.

ಅರಿಶಿನದ ಕಲೆ ಕೆಂಪಾಯಿತು. ಕುಂಕುಮ, ತುಪ್ಪ ಚೆಲ್ಲಿತು

ಹುಳಿ ಚೆಲ್ಲಿದ ಹಳದಿ ಕಲೆಗೆ ಸೋಪು ಹಾಕಿದ ಕೂಡಲೇ ಇಟ್ಟಿಗೆಗೆಂಪು ಆದರೆ ಗಾಬರಿ ಬೇಡ, ಆದರೆ ಸೋಪು ನಿಲ್ಲಿಸಿ. ಅರಿಶಿನದ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ, ವಿನೆಗರ್‌ನಂಥ ಆಮ್ಲ ತಾಗಿದರೆ ಮತ್ತೆ ಹಳದಿಗೆ ಬರುತ್ತದೆ. ಅದು ಕೆಂಪಾಗಿದ್ದರೆ ನಿಮ್ಮ ಸೋಪು ಕ್ಷಾರದ್ದು, ಉಣ್ಣೆಗೆ ಹೊಂದದ್ದು ಎಂದೂ ಗೊತ್ತಾಯಿತು! ಮೇಲೆ ಹೇಳಿದ 30 ಮಿಲಿ ವಿನೆಗರ್ ನೀರಿನಿಂದ ಒತ್ತಿ ಹಳದಿಗೆ ತನ್ನಿ, ನಂತರ ಉಣ್ಣೆಯ ದ್ರವದ ನೊರೆಯಿಂದ ಎಷ್ಟು ಬರುತ್ತದೋ ಅಷ್ಟು ತೆಗೆಯಿರಿ. ಉಳಿದ ಛಾಯೆಯನ್ನು ಬಿಸಿಲಿಗೆ ಬಿಡಿ, ಅರಿಶಿನ ಬಿಸಿಲಿಗೆ ಮಾಸುತ್ತದೆ. ಕಲೆಯ ಸುತ್ತಲಿನ ಜಾಗವನ್ನು ದಪ್ಪ ಬಟ್ಟೆಯಿಂದ ಮುಚ್ಚಿ, ಒಂದು ಸಲಕ್ಕೆ ಒಂದೆರಡು ಗಂಟೆ ಬೆಳಗಿನ ಬಿಸಿಲು. ಕಾರ್ಪೆಟ್‌ನ ಬಣ್ಣವೂ ಬಿಸಿಲಿಗೆ ಮಾಸುವುದರಿಂದ ಪ್ರತಿ ಸಲ ನೋಡಿಕೊಂಡೇ ಮುಂದುವರಿಯಿರಿ.

ಕುಂಕುಮ ಬಿದ್ದರೆ ನಿಯಮ ಒಂದೇ: ನೀರು ಬೇಡ, ಕೈ ಬೇಡ. ಒಣಗಿರುವಷ್ಟು ಹೊತ್ತು ಅದು ಬರೀ ಪುಡಿ, ನೀರು ತಾಗಿದ ಕ್ಷಣ ಬಣ್ಣ. ಗಂಟು ನೇಯ್ಗೆಯದಾದರೆ ಆ ಜಾಗವನ್ನು ಮಗುಚಿ ಬೆನ್ನಿನಿಂದ ಮೆಲ್ಲಗೆ ತಟ್ಟಿ ಉದುರಿಸಿ, ಟಫ್ಟೆಡ್ ಆದರೆ ತಟ್ಟಬೇಡಿ. ಉಳಿದದ್ದನ್ನು ವ್ಯಾಕ್ಯೂಮ್ ಮೂತಿಯನ್ನು ಎಳೆಗೆ ತಾಗಿಸದೆ ಎಳೆಯಿರಿ.

ತುಪ್ಪ, ದೀಪದ ಎಣ್ಣೆಗೆ ಕಾರ್ನ್‌ಫ್ಲೋರ್ ಉದುರಿಸಿ ಎರಡು ಮೂರು ಗಂಟೆ ಬಿಟ್ಟು ವ್ಯಾಕ್ಯೂಮ್ ಮಾಡಿ. ಉದ್ದ ಎಳೆಯಲ್ಲಿ ಹಿಟ್ಟು ಬುಡಕ್ಕೆ ಇಳಿದರೆ ನೀರು ತಾಗಿದಾಗ ಗಂಜಿಯಾಗುತ್ತದೆ, ಆದ್ದರಿಂದ ಒಂದು ಚಿಟಿಕೆಯಿಂದ ಶುರು ಮಾಡಿ, ತುದಿಗೆ ಮಾತ್ರ.

ಕಾಫಿ, ಹಾಲು, ಸಾರಿಗೆ ಮೇಲಿನಿಂದ ಒತ್ತಿದರೆ ಕೆಳಕ್ಕೆ ಇಳಿಯುತ್ತದೆ. ಎಳೆಗಳನ್ನು ಗೊಂಚಲಾಗಿ ಒಣ ಬಟ್ಟೆಯಲ್ಲಿ ಹಿಡಿದು ಬುಡದಿಂದ ತುದಿಗೆ ಹಿಂಡುತ್ತ ಬನ್ನಿ. ನಂತರ ತಣ್ಣೀರಿನ ಬಟ್ಟೆ, ಮತ್ತೆ ಒಣ ಬಟ್ಟೆ.

ವಾಸನೆ ಬರುತ್ತಿದೆ

ಯಾವ ವಾಸನೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಒದ್ದೆಯಾದಾಗ ಮಾತ್ರ ಕುರಿಯ ವಾಸನೆ ಬಂದು, ಒಣಗಿದ ಮೇಲೆ ಹೋದರೆ ಅದು ಉಣ್ಣೆಯ ಸಹಜ ಗುಣ.

*ಮುಗ್ಗಲು ವಾಸನೆ.* ಕಾರ್ಪೆಟ್ ಎತ್ತಿ ನೆಲಕ್ಕೆ ಅಂಗೈ ಒತ್ತಿ. ತಂಪು, ಜಿಗುಟು ಎನ್ನಿಸಿದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ 24 ಗಂಟೆ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದರೆ ತೇವ ನೆಲದಿಂದ ಏರುತ್ತಿದೆ, ಮೇಲೆ ಹನಿ ಕಟ್ಟಿದರೆ ಕೋಣೆಯ ಗಾಳಿಯಲ್ಲಿದೆ. ನೆಲದಿಂದ ಏರುತ್ತಿದ್ದರೆ ಎಷ್ಟು ತೊಳೆದರೂ ವಾಸನೆ ಮರಳುತ್ತದೆ. ಮಲೆನಾಡು, ಕರಾವಳಿಯ ನೆಲಮಾಳಿಗೆ ಮತ್ತು ನೆಲಮಟ್ಟದ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಪೆಟ್ ಎತ್ತಿಡುವುದೇ ಸರಿಯಾದ ಪರಿಹಾರ: ಪೂರ್ತಿ ಒಣಗಿಸಿ, ಮಡಚದೆ ಸುರುಳಿ ಸುತ್ತಿ, ಹತ್ತಿ ಬೆಡ್‌ಶೀಟಿನಲ್ಲಿ ಕಟ್ಟಿ, ನೆಲಕ್ಕೆ ತಾಗದಂತೆ ಮಂಚದ ಮೇಲಿಡಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಉಳಿದ ತೇವ ಒಳಗೇ ಕೊಳೆಯುತ್ತದೆ.

ಬೆನ್ನಿನಲ್ಲಿ ಬಿಳಿ, ಹಸಿರು, ಕಪ್ಪು ಬೂಷ್ಟು ಕಣ್ಣಿಗೇ ಕಂಡರೆ ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು ಹೊರಗೆ ಒಯ್ದು ಬ್ರಷ್‌ನಿಂದ ತೆಗೆಯಿರಿ. ಮನೆಯೊಳಗೆ ಸಾಮಾನ್ಯ ವ್ಯಾಕ್ಯೂಮ್ ಹಾಕಿದರೆ ಬೂಷ್ಟಿನ ಪುಡಿ ಕೋಣೆಯೆಲ್ಲ ಹರಡುತ್ತದೆ. ಅಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು. ಮೂಲೆ ಮೆಲ್ಲಗೆ ಬಗ್ಗಿಸಿದಾಗ ಚಟಚಟ ಸದ್ದಾದರೆ ಒಳಗಿನ ಹತ್ತಿ ಹುರಿ ಕೊಳೆತಿದೆ, ತೊಳೆಯಲು ಹೋದರೆ ಹರಿಯುತ್ತದೆ.

*ಮೂತ್ರದ ವಾಸನೆ.* ಮಗುವಿನದಾಗಲಿ, ಬೆಕ್ಕು ನಾಯಿಯದಾಗಲಿ, ಹಸಿಯಿದ್ದಾಗಲೇ ಹಿಂಡಿ ತೆಗೆದು, ವಿನೆಗರ್ ನೀರಿನಿಂದ ಒತ್ತಿ ಒಣಗಿಸಿದರೆ ಸಾಕು. ಹಳೆಯದಾದರೆ ಜಾಗವೇ ಗೊತ್ತಾಗುವುದಿಲ್ಲ. ರಾತ್ರಿ ದೀಪ ಆರಿಸಿ ಯುವಿ, ಅಂದರೆ ನೇರಳಾತೀತ ಬೆಳಕಿನ ಟಾರ್ಚ್ ಹಾಯಿಸಿದರೆ ಮೂತ್ರದ ಕಲೆ ಹಸಿರುಹಳದಿಯಾಗಿ ಹೊಳೆಯುತ್ತದೆ. ಸೋಪಿನ ಉಳಿಕೆಯೂ ಹೊಳೆಯಬಹುದು, ಮೂಸಿ ಖಚಿತಪಡಿಸಿಕೊಳ್ಳಿ. ಬೆನ್ನಿನಲ್ಲೂ ಕಲೆ ಇದ್ದರೆ ಮೇಲಿನ ಶುಚಿ ವ್ಯರ್ಥ. ಗಂಟು ನೇಯ್ಗೆಯದನ್ನು ವೃತ್ತಿಪರರು ನೀರಲ್ಲಿ ನೆನೆಸಿ ತೊಳೆಯಬಲ್ಲರು, ಟಫ್ಟೆಡ್‌ನಲ್ಲಿ ಲ್ಯಾಟೆಕ್ಸ್ ಹೀರಿಕೊಂಡ ಮೂತ್ರ ಪೂರ್ತಿ ಹೋಗುವುದು ಕಷ್ಟ.

ಫಿನಾಯಿಲ್ ಸುರಿಯಬೇಡಿ. ಬ್ಲೀಚ್ ಅಂತೂ ಅಪಾಯ: ಮೂತ್ರದ ಅಮೋನಿಯಾ ಜೊತೆ ಸೇರಿ ವಿಷಾನಿಲ ಹೊರಡುತ್ತದೆ. ಸಾಕುಪ್ರಾಣಿಗಳ ಕಲೆಗೆ ಮಾರುವ ಎಂಜೈಮ್ ದ್ರವವನ್ನು ಬಾಟಲಿಯ ಮೇಲೆ ಉಣ್ಣೆಗೆ ಸೂಕ್ತ ಎಂದು ಬರೆದಿದ್ದರೆ ಮಾತ್ರ ಬಳಸಿ.

*ರಬ್ಬರ್ ವಾಸನೆ, ಅಡಿಯಲ್ಲಿ ಬಿಳಿ ಅಥವಾ ಹಳದಿ ಪುಡಿ.* ಲ್ಯಾಟೆಕ್ಸ್ ಮುದಿಯಾಗಿ ಪುಡಿಯಾಗುತ್ತಿದೆ. ಇದಕ್ಕೆ ಮನೆಮದ್ದಿಲ್ಲ. ಪುಡಿಯನ್ನು ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ. ಕಾರ್ಪೆಟ್ಟನ್ನು ಒದ್ದೆ ಮಾಡಿದರೆ ಬೆನ್ನಿನ ಬಟ್ಟೆ ಗುಳ್ಳೆ ಎದ್ದು ಬಿಟ್ಟುಕೊಳ್ಳುತ್ತದೆ. ಹೊಸ ಬೆನ್ನು ಹಾಕಿಸಬಹುದು, ಆದರೆ ಮೊದಲು ಕಾರ್ಪೆಟ್‌ನ ಬೆಲೆಗೆ ಹೋಲಿಸಿ ನೋಡಿ. ಎಷ್ಟೋ ಸಲ ಅದು ಹಣ ಹಾಕುವ ಬಾಬತ್ತಲ್ಲ.

ಬೋಳು ತೇಪೆಗಳು

ನಡೆದಾಡುವ ದಾರಿಯಲ್ಲಿ ಎಳೆ ಗಿಡ್ಡವಾಗಿದ್ದರೆ ಸವೆತ. ಸೋಫಾ, ದಿವಾನದ ಕೆಳಗೆ, ಯಾರೂ ತುಳಿಯದ ಕತ್ತಲಲ್ಲಿ ಬುಡದವರೆಗೆ ಬೋಳಾಗಿದ್ದರೆ ನುಸಿ. ಬುಡದಲ್ಲಿ ಜೇಡನ ಬಲೆಯಂಥ ರೇಷ್ಮೆ ಕೊಳವೆ, ಕಾರ್ಪೆಟ್‌ನ ಬಣ್ಣದ್ದೇ ಮರಳಿನಂಥ ಹಿಕ್ಕೆ ಸಿಕ್ಕರೆ ಅನುಮಾನ ಬೇಡ. ಕಂದು ರೋಮದ ಸಣ್ಣ ಹುಳು ಅಥವಾ ಅದರ ಪೊರೆ ಸಿಕ್ಕರೆ ಅದು ಕಾರ್ಪೆಟ್ ಜೀರುಂಡೆಯ ಮರಿ. ನುಸಿ ಎಂದರೆ ದೀಪದ ಸುತ್ತ ಹಾರುವ ಪತಂಗವಲ್ಲ. ಒಣಹುಲ್ಲಿನ ಬಣ್ಣದ ಈ ಪುಟ್ಟ ಪತಂಗ ಬೆಳಕು ಕಂಡರೆ ಕತ್ತಲಿಗೆ ಓಡುತ್ತದೆ, ಉಣ್ಣೆ ತಿನ್ನುವುದೂ ಅದಲ್ಲ, ಅದರ ಮರಿಹುಳು.

ಕಾರ್ಪೆಟ್ ಹೊರಗೆ ಒಯ್ದು ಎರಡೂ ಬದಿ, ಅಂಚಿನ ಹೊಲಿಗೆ ಸಮೇತ ವ್ಯಾಕ್ಯೂಮ್ ಮಾಡಿ. ಚೀಲದ ಕಸವನ್ನು ಕಟ್ಟಿ ಕೂಡಲೇ ಮನೆಯಿಂದಾಚೆ ಹಾಕಿ. ಸೋಫಾದ ತಳ, ಗೋಡೆಯ ಸಂದು ಬಿಡಬೇಡಿ. ಒಂದು ತಿಂಗಳವರೆಗೆ ವಾರಕ್ಕೊಮ್ಮೆ ಇದೇ ಕೆಲಸ, ಮೊಟ್ಟೆಗಳು ಒಂದೇ ಸಲ ಒಡೆಯುವುದಿಲ್ಲ. ಸಣ್ಣ ಆಸನದ ಕಾರ್ಪೆಟ್ ಆದರೆ ಗಾಳಿಯಾಡದಂತೆ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಒಂದು ದಿನ ಕಟ್ಟು ಬಿಚ್ಚಬೇಡಿ, ಇಲ್ಲವಾದರೆ ತಣ್ಣನೆಯ ಉಣ್ಣೆಯ ಮೇಲೆ ನೀರು ಕಟ್ಟುತ್ತದೆ.

ಬೇವಿನ ಸೊಪ್ಪು, ಕರ್ಪೂರ ಒಳಗಿರುವ ಹುಳುವನ್ನು ಕೊಲ್ಲುವುದಿಲ್ಲ. ಡಾಂಬರು ಗುಳಿಗೆ ತೆರೆದ ಕೋಣೆಯಲ್ಲಿ ಕೆಲಸಕ್ಕೆ ಬಾರದು, ಜೊತೆಗೆ ಹಸುಗೂಸುಗಳಿಗೆ, ಅದರಲ್ಲೂ ಜಿ6ಪಿಡಿ ಎಂಬ, ರಕ್ತಕಣವನ್ನು ಕಾಯುವ ಎಂಜೈಮ್‌ನ ಹುಟ್ಟು ಕೊರತೆ ಇರುವವರಿಗೆ ರಕ್ತಕಣ ಒಡೆಯುವ ಅಪಾಯವಿದೆ. ಪರ್ಮೆಥ್ರಿನ್ ಎಂಬ ಕೀಟನಾಶಕದ ಸಿಂಪಡಣೆ ಬೆಕ್ಕಿಗೆ ವಿಷ. ಎರಡಕ್ಕಿಂತ ಹೆಚ್ಚು ಕಡೆ ತೇಪೆ ಇದ್ದರೆ ಕೀಟ ನಿಯಂತ್ರಣದವರನ್ನು ಕರೆಯಿರಿ, ಮನೆಯಲ್ಲಿ ಬೆಕ್ಕಿದ್ದರೆ ಮೊದಲೇ ಹೇಳಿ.

ಎಳೆ ಚಪ್ಪಟೆಯಾಗಿದೆ, ಗಂಟುಗಟ್ಟಿದೆ

ಬೆರಳಿನಿಂದ ಒಂದೊಂದು ನೂಲು ಬಿಡಿಸಲು ಆಗುತ್ತದೆಯೇ? ಆದರೆ ಅದು ಬರೀ ಒತ್ತಿಕೊಂಡಿದೆ. ಸೋಫಾ ಕಾಲಿನ ಗುಳಿಗೆ ಒಂದು ಐಸ್ ತುಂಡು ಇಟ್ಟು ಕರಗಲು ಬಿಡಿ, ತೇವ ಒರೆಸಿ ಬೆರಳಿನಿಂದ ಎಬ್ಬಿಸಿ. ಅಥವಾ ಸ್ಟೀಮ್ ಇಸ್ತ್ರಿಪೆಟ್ಟಿಗೆಯನ್ನು ಎರಡು ಮೂರು ಅಂಗುಲ ಮೇಲೆ ಹಿಡಿದು ಕೆಲವೇ ಸೆಕೆಂಡು ಹಬೆ ಕೊಟ್ಟು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯನ್ನಷ್ಟೇ ಬಾಚಿ. ಟಫ್ಟೆಡ್‌ಗೆ ಹಬೆ ಬೇಡ.

ನೂಲುಗಳು ಒಂದಕ್ಕೊಂದು ಹೆಣೆದು ಕಂಬಳಿಯಂತೆ ಒಂದೇ ಹಾಳೆಯಾಗಿದ್ದರೆ ಬಿಸಿನೀರು ಮತ್ತು ಉಜ್ಜುವಿಕೆಯಿಂದ ಉಣ್ಣೆಯ ಹುರುಪೆಗಳು ಕಚ್ಚಿಕೊಂಡಿವೆ. ಇದನ್ನು ಹಿಂದಕ್ಕೆ ತರಲಾಗದು, ಬಾಚಿದರೆ ಕಿತ್ತುಬರುತ್ತದೆ.

ಪೂರ್ತಿ ತೊಳೆಯಲೇಬೇಕು ಎಂದಾದರೆ

5 ಅಡಿ ಅಗಲ, 8 ಅಡಿ ಉದ್ದದ ದಪ್ಪ ಕಾರ್ಪೆಟ್ ಒಣಗಿದ್ದಾಗಲೇ 12ರಿಂದ 15 ಕಿಲೋ ತೂಗಬಹುದು. ನೆಂದರೆ ದುಪ್ಪಟ್ಟಿಗೂ ಮೇಲೆ. ಅದನ್ನು ತಾರಸಿಯ ಕೈಪಿಡಿಗೋಡೆಗೆ ನೇತುಹಾಕಿದರೆ ಹುರಿ ಹರಿಯುತ್ತದೆ, ಜಾರಿ ಕೆಳಗಿದ್ದವರ ಮೇಲೂ ಬಿದ್ದೀತು. ಆದ್ದರಿಂದ 3 ಅಡಿ, 5 ಅಡಿಗಿಂತ ದೊಡ್ಡದನ್ನು ಮನೆಯಲ್ಲಿ ನೆನೆಸಬೇಡಿ. ಸಾಮಾನ್ಯ ವ್ಯಾಕ್ಯೂಮ್‌ನಿಂದ ನೀರು ಎಳೆಯಲೂ ಬೇಡಿ, ಮೋಟಾರಿಗೆ ನೀರು ಹೋದರೆ ಶಾಕ್ ಹೊಡೆಯುತ್ತದೆ.

ಲಾಂಡ್ರಿಗೆ ಕೊಡುವಾಗ ನಾಲ್ಕು ಪ್ರಶ್ನೆ ಕೇಳಿ. ಬೆನ್ನು ನೋಡಿದ ಮೇಲೆ ವಿಧಾನ ಆರಿಸುತ್ತೀರಾ? ಬಣ್ಣದ ಪರೀಕ್ಷೆ ಮಾಡುತ್ತೀರಾ? ತಿರುಗುವ ಬ್ರಷ್ ಯಂತ್ರ ಹಾಕುತ್ತೀರಾ? ಎಲ್ಲಿ, ಎಷ್ಟು ದಿನ ಒಣಗಿಸುತ್ತೀರಿ? ‘ಸಂಜೆಗೆ ಕೊಡ್ತೀವಿ ಸಾರ್’ ಎಂದರೆ ಕಾರ್ಪೆಟ್ ವಾಪಸು ತನ್ನಿ.

ಚರಂಡಿ ಅಥವಾ ರಾಜಕಾಲುವೆಯ ನೀರು ಮನೆಗೆ ನುಗ್ಗಿ ಕಾರ್ಪೆಟ್ ನೆಂದಿದ್ದರೆ ಮೇಲಿನ ಯಾವ ವಿಧಾನವೂ ಅನ್ವಯಿಸುವುದಿಲ್ಲ. ನೀರು ಸಾಕೆಟ್ ಮಟ್ಟ ಮುಟ್ಟಿದ್ದರೆ, ಮೇನ್ ಸ್ವಿಚ್ ಒಣ ಜಾಗದಲ್ಲಿದ್ದು ನೀರಿಗಿಳಿಯದೆ ಕೈಗೆಟುಕುವಂತಿದ್ದರೆ ಮಾತ್ರ ಆರಿಸಿ, ಇಲ್ಲದಿದ್ದರೆ ವಿದ್ಯುತ್ ಕಚೇರಿಗೆ ಕರೆ ಮಾಡಿ. ಬೂಷ್ಟು 24ರಿಂದ 48 ಗಂಟೆಯೊಳಗೆ ಶುರುವಾಗುತ್ತದೆ. ಟಫ್ಟೆಡ್ ಆದರೆ ಎಸೆಯಿರಿ. ಬೆಲೆಬಾಳುವ ಗಂಟು ನೇಯ್ಗೆಯದಾದರೆ ಕೈಗವಸು ಹಾಕಿ ಸುರುಳಿ ಸುತ್ತಿ, ಅದೇ ದಿನ ವೃತ್ತಿಪರರಿಗೆ ತಲುಪಿಸಿ, ನೆಂದದ್ದು ಚರಂಡಿ ನೀರಿನಲ್ಲಿ ಎಂದು ತಪ್ಪದೆ ತಿಳಿಸಿ.